ಒಂದು ಸಾಕೆಟ್ ಶಾರ್ಟ್ ಆದ್ರೆ ಮೇನ್ ಬ್ರೇಕರ್ ಯಾಕೆ ಬೀಳುತ್ತೆ? ಕೋಆರ್ಡಿನೇಷನ್ (ತೊಂದರೆ ಆದ ಜಾಗಕ್ಕೆ ಹತ್ತಿರದ ಬ್ರೇಕರ್ ಮಾತ್ರ ಬೀಳೋ ಹೊಂದಾಣಿಕೆ) ಬಗ್ಗೆ ಸಹಾಯ ಬೇಕು

ಆರ್‌ವೈಬಿ:

ಎಲ್ಲರಿಗೂ ನಮಸ್ಕಾರ. ಒಂದು ನಾಲ್ಕು ಮಹಡಿ ಕಟ್ಟಡದ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ಈಗ ನನ್ನ ಜವಾಬ್ದಾರಿ. 500 ಕೆವಿಎ ಟ್ರಾನ್ಸ್‌ಫಾರ್ಮರ್, ಇಂಪೆಡೆನ್ಸ್ (ಕರೆಂಟ್‌ಗೆ ಒಳಗಿನ ತಡೆ) 5 ಪರ್ಸೆಂಟ್, 400 ವೋಲ್ಟ್. ಪಕ್ಕದ ರೂಮಲ್ಲೇ ನಮ್ಮ ಮೇನ್ ಪ್ಯಾನೆಲ್, ಅದಕ್ಕೆ 250 ಆಂಪ್ ಎಂಸಿಸಿಬಿ (ದೊಡ್ಡ ಬ್ರೇಕರ್) ಇನ್‌ಕಮರ್, ಅಂದ್ರೆ ಸಪ್ಲೈ ಒಳಗೆ ಬರೋ ಮೇನ್, ಥರ್ಮಲ್ ಮ್ಯಾಗ್ನೆಟಿಕ್ ಟೈಪು (ಓವರ್‌ಲೋಡ್‌ಗೆ ಬಿಸಿಯಾಗಿ, ಶಾರ್ಟ್‌ಗೆ ಮ್ಯಾಗ್ನೆಟ್‌ನಿಂದ ಬೀಳೋದು), ಮ್ಯಾಗ್ನೆಟಿಕ್ ಡಯಲ್ 5 ರಿಂದ 10 ಪಟ್ಟು ತನಕ ಇದೆ, ಈಗ 5ರಲ್ಲಿ ನಿಂತಿದೆ. ಅಲ್ಲಿಂದ ಪ್ರತಿ ಮಹಡಿಗೆ ಒಂದೊಂದು ಸಿ63 ಎಂಸಿಬಿ (63 ಆಂಪ್‌ನ ಚಿಕ್ಕ ಬ್ರೇಕರ್), 16 ಸ್ಕ್ವೇರ್ ಎಂಎಂ ಕಾಪರ್ ಕೇಬಲ್ ಸುಮಾರು 40 ಮೀಟರ್, ಮಹಡಿ ಡಿಬಿಯಲ್ಲಿ (ಡಿಸ್ಟ್ರಿಬ್ಯೂಷನ್ ಬೋರ್ಡ್) ಮತ್ತೆ ಒಂದು ಸಿ63 ಇನ್‌ಕಮರ್, ಅದರ ಕೆಳಗೆ ಸಾಕೆಟ್‌ಗಳಿಗೆ ಸಿ16.

ತೊಂದರೆ ಏನಂದ್ರೆ ಯಾವುದಾದ್ರೂ ಸಾಕೆಟ್ ಸರ್ಕ್ಯೂಟ್ ಶಾರ್ಟ್ ಆದ್ರೆ ಒಂದೊಂದು ಸಲ ಒಂದೊಂದು ಥರ ಆಗುತ್ತೆ. ಕೆಲವು ಸಲ ಸಿ16 ಮಾತ್ರ ಬೀಳುತ್ತೆ, ಅದು ಸರಿ. ಕೆಲವು ಸಲ ಜೊತೆಗೆ ಸಿ63 ಕೂಡ ಬಿದ್ದು ಇಡೀ ಮಹಡಿ ಹೋಗುತ್ತೆ. ಮೊನ್ನೆ ಒಂದು ಡಿಬಿ ಪಕ್ಕದಲ್ಲೇ ಇರೋ ಸಾಕೆಟ್‌ನ ಹಿಂದೆ ವೈರ್ ಸುಟ್ಟು ಶಾರ್ಟ್ ಆದಾಗ ನೇರ ಮೇನ್ 250 ಬಿತ್ತು, ನಾಲ್ಕೂ ಮಹಡಿ ಕತ್ತಲೆ, ಲಿಫ್ಟ್‌ನಲ್ಲಿ ಜನ ಸಿಕ್ಕಿಹಾಕೊಂಡ್ರು. 16 ಎಲ್ಲಿ 250 ಎಲ್ಲಿ, ಚಿಕ್ಕದು ಮೊದಲು ಬೀಳಬೇಕಲ್ವಾ? ಬ್ರೇಕರ್ ಕೆಟ್ಟಿದೆ ಅಂತ ಒಬ್ರು, ಮೇನ್ ಇನ್ನೂ ದೊಡ್ಡದು ಹಾಕಿ ಅಂತ ಇನ್ನೊಬ್ರು ಹೇಳ್ತಿದಾರೆ. ದಯವಿಟ್ಟು ಬಿಡಿಸಿ ಹೇಳಿ, ನನಗೆ ಇದನ್ನ ಸರಿಯಾಗಿ ಅರ್ಥ ಮಾಡ್ಕೊಂಡು ಮಾಡಬೇಕು ಅಂತಿದೆ.

---

ಪ್ಯಾನೆಲ್ ಮೇಷ್ಟ್ರು:

ಬ್ರೇಕರ್ ಯಾವುದೂ ಕೆಟ್ಟಿಲ್ಲ ಸರ್, ಬದಲಾಯಿಸೋಕೆ ಹೋಗ್ಬೇಡಿ ಇನ್ನೂ. ನೀವು ಕೊಟ್ಟಿರೋ ವಿವರದಲ್ಲೇ ಉತ್ತರ ಇದೆ, ಅದೂ "ಡಿಬಿ ಪಕ್ಕದಲ್ಲೇ ಇರೋ ಸಾಕೆಟ್" ಅನ್ನೋ ಮಾತಲ್ಲಿ.

ಬ್ರೇಕರ್ ಮೇಲೆ ಬರೆದಿರೋ 16, 63, 250 ಇದೆಯಲ್ಲ, ಅದು ಓವರ್‌ಲೋಡ್ ಲೆಕ್ಕಕ್ಕೆ. ಓವರ್‌ಲೋಡ್ ಆದ್ರೆ ಚಿಕ್ಕದು ಮೊದಲು ಬೀಳೋದು ಗ್ಯಾರಂಟಿ, 16ರ ಎಂಸಿಬಿ 1.45 ಪಟ್ಟು ಅಂದ್ರೆ 23 ಆಂಪ್ ಚಿಲ್ಲರೆಗೆ ಒಂದು ಗಂಟೆ ಒಳಗೆ ಬೀಳಲೇಬೇಕು, ಆ 23 ಆಂಪ್ ಮೇಲಿನ 63ಕ್ಕೆ ಲೆಕ್ಕಕ್ಕೇ ಇಲ್ಲ. ಆದ್ರೆ ಶಾರ್ಟ್ ಸರ್ಕ್ಯೂಟ್ ಅಂದ್ರೆ ಕಥೆ ಬೇರೆ, ಅಲ್ಲಿ ಕೆಲಸ ಮಾಡೋದು ಮ್ಯಾಗ್ನೆಟಿಕ್ ಭಾಗ, ಅದು ಹರಿಯೋ ಕರೆಂಟನ್ನ ಮಾತ್ರ ನೋಡುತ್ತೆ, ತನ್ನ ಕೆಳಗೆ ಇನ್ನೊಂದು ಬ್ರೇಕರ್ ಇದೆ ಅನ್ನೋದು ಅದಕ್ಕೆ ಗೊತ್ತಿಲ್ಲ. ಸಿ ಕರ್ವ್ ಅಂದ್ರೆ ರೇಟಿಂಗ್‌ನ 5 ರಿಂದ 10 ಪಟ್ಟಿಗೆ ಮ್ಯಾಗ್ನೆಟಿಕ್ ಭಾಗ ಬೀಳೋ ಥರದ್ದು. ಅಂದ್ರೆ ಸಿ16 ಬೀಳೋದು 80 ರಿಂದ 160 ಆಂಪ್ ಮಧ್ಯೆ ಎಲ್ಲೋ ಒಂದು ಕಡೆ, ಸಿ63 ಬೀಳೋದು 315 ರಿಂದ 630 ಮಧ್ಯೆ. ನಿಮ್ಮ 250 ಡಯಲ್ 5ರಲ್ಲಿ ಇರೋದ್ರಿಂದ 1250 ಆಂಪ್ ದಾಟಿದ್ರೆ ಅದೂ ತಡ ಮಾಡದೆ ಬೀಳುತ್ತೆ.

ಈಗ ಫಾಲ್ಟ್ ಕರೆಂಟ್ (ಶಾರ್ಟ್ ಆದಾಗ ಹರಿಯೋ ಕರೆಂಟ್) ಎಷ್ಟು ಬರುತ್ತೆ ನೋಡೋಣ. ಟ್ರಾನ್ಸ್‌ಫಾರ್ಮರ್ ಫುಲ್ ಲೋಡ್ ಕರೆಂಟ್ 722 ಆಂಪ್, ಅದನ್ನ 0.05ರಿಂದ (ಆ 5 ಪರ್ಸೆಂಟ್) ಭಾಗಿಸಿ, 14.4 ಕಿಲೋಆಂಪ್. ಮೇನ್ ಪ್ಯಾನೆಲ್ ಪಕ್ಕದಲ್ಲೇ ಇದೆ ಅಂದ್ರಲ್ಲ, ಅಲ್ಲಿ ಹೆಚ್ಚುಕಡಿಮೆ ಅಷ್ಟೇ ಇರುತ್ತೆ. ಮಹಡಿ ಡಿಬಿಗೆ ಬಂದ್ರೆ 16 ಸ್ಕ್ವೇರ್ ಕೇಬಲ್ ಕಿಲೋಮೀಟರ್‌ಗೆ 1.15 ಓಮ್, ಫೇಸ್‌ನಲ್ಲಿ ಹೋಗಿ ನ್ಯೂಟ್ರಲ್‌ನಲ್ಲಿ ವಾಪಸ್ 80 ಮೀಟರ್, ಸುಮಾರು 0.092 ಓಮ್. ಟ್ರಾನ್ಸ್‌ಫಾರ್ಮರ್‌ದೂ ಕೇಬಲ್ ರಿಯಾಕ್ಟೆನ್ಸೂ (ಎಸಿ ಕರೆಂಟ್‌ಗೆ ಬರೋ ಇನ್ನೊಂದು ತಡೆ) ಸೇರಿಸಿದ್ರೆ 0.098 ಹತ್ತಿರ. 230 ಭಾಗಿಸು 0.098, ಅಂದ್ರೆ ಡಿಬಿ ಹತ್ರ ಫೇಸ್ ನ್ಯೂಟ್ರಲ್ ಶಾರ್ಟ್ ಆದ್ರೆ 2350 ಆಂಪ್ ಆಸುಪಾಸು. ಅದೇ ಸಾಕೆಟ್ ಡಿಬಿಯಿಂದ 20 ಮೀಟರ್ ದೂರ, 2.5 ಸ್ಕ್ವೇರ್ ವೈರ್‌ನಲ್ಲಿ ಇದ್ರೆ ಇನ್ನೂ 0.3 ಓಮ್ ಸೇರ್ಕೊಳ್ಳುತ್ತೆ, ಕರೆಂಟ್ 585 ಆಂಪ್‌ಗೆ ಇಳಿಯುತ್ತೆ.

ನಿಮ್ಮ ಮೂರೂ ಥರದ ಟ್ರಿಪ್ ಇಲ್ಲೇ ಸಿಕ್ತಲ್ಲ ನೋಡಿ. ದೂರದ ಸಾಕೆಟ್, 585 ಆಂಪ್, ಸಿ16 ಖಂಡಿತ ಬೀಳುತ್ತೆ, ಸಿ63 ಬಿದ್ರೂ ಬಿತ್ತು ಬಿಡ್ತು, ಯಾಕಂದ್ರೆ ಅದು 315 ಮತ್ತೆ 630ರ ಮಧ್ಯದ ಜಾಗ. ಹತ್ತಿರದ ಸಾಕೆಟ್, 2000 ದಾಟುತ್ತೆ, ಆಗ 16, 63, 250 ಮೂರಕ್ಕೂ ಒಂದೇ ಸಲ ಬೀಳು ಅನ್ನೋ ಆಜ್ಞೆ ಸಿಕ್ಕಿರುತ್ತೆ, ಯಾವುದರ ಲ್ಯಾಚ್ ಮೊದಲು ಬಿಡುತ್ತೋ ಅದು. ಒಂದೊಂದು ಸಲ ಮೂರೂ ಬೀಳಬಹುದು.

ಮೇನ್ ದೊಡ್ಡದು ಹಾಕಿ ಅಂದೋರ ಮಾತು ಕೇಳ್ಬೇಡಿ. ದೊಡ್ಡದು ಹಾಕಿದ್ರೆ ಅದರ ಹಿಂದಿರೋ ಕೇಬಲ್‌ಗೆ ಓವರ್‌ಲೋಡ್ ರಕ್ಷಣೆ ಹೋಗುತ್ತೆ, ಅದು ತಪ್ಪು ದಾರಿ.

ಇನ್ನೊಂದು, ಮೇನ್ ಪ್ಯಾನೆಲ್‌ನಲ್ಲಿ ಒಂದು ಸಿ63, ಅದೇ ಕೇಬಲ್ ಕೊನೆಯಲ್ಲಿ ಡಿಬಿಯಲ್ಲಿ ಮತ್ತೊಂದು ಸಿ63. ಇವೆರಡರಲ್ಲಿ ಯಾವುದು ಬೀಳುತ್ತೆ ಅಂತ ತಲೆ ಕೆಡಿಸ್ಕೋಬೇಡಿ, ಮಧ್ಯೆ ಬೇರೆ ಕವಲೇ ಇಲ್ಲ ಅಂದ್ಮೇಲೆ ಯಾವುದು ಬಿದ್ರೂ ಹೋಗೋದು ಅದೇ ಮಹಡಿ. ಡಿಬಿಯಲ್ಲಿರೋದನ್ನ ತೆಗೆದು ಐಸೊಲೇಟರ್ (ತಾನಾಗಿ ಬೀಳದ, ಕೈಯಿಂದ ಆಫ್ ಮಾಡೋ ಸ್ವಿಚ್) ಹಾಕಿದ್ರೆ ಸಾಕು.

---

ಆರ್‌ವೈಬಿ:

ಮೇಷ್ಟ್ರೇ ತುಂಬಾ ಥ್ಯಾಂಕ್ಸ್, ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರ್ಲಿಲ್ಲ. ಲೂಪ್ ಟೆಸ್ಟರ್ (ಕರೆಂಟ್ ಹೋಗಿ ಬರೋ ದಾರಿಯ ಓಮ್ ಅಳೆಯೋ ಮೀಟರ್) ತಗೊಂಡು ಆ ಮಹಡಿ ಡಿಬಿಯಲ್ಲಿ ಅಳೆದೆ, 0.11 ಓಮ್ ಬಂತು, ಅಂದ್ರೆ 2090 ಆಂಪ್, ನಿಮ್ಮ ಲೆಕ್ಕಕ್ಕೆ ಹತ್ತಿರ. ಹಾಗಾದ್ರೆ 250ರ ಡಯಲ್ 5ರಿಂದ 10ಕ್ಕೆ ತಿರುಗಿಸಿದ್ರೆ 2500 ಆಗುತ್ತೆ, 2090ಕ್ಕೆ ಮೇನ್ ಬೀಳಲ್ಲ. ಅಷ್ಟು ಮಾಡಿದ್ರೆ ಸಾಕಾ? ಮಹಡಿ ಸಿ63 ಬೀಳೋದಕ್ಕೆ ಏನು ಮಾಡ್ಲಿ?

---

ಪ್ಯಾನೆಲ್ ಮೇಷ್ಟ್ರು:

ಡಯಲ್ ತಿರುಗಿಸಿದ್ರೆ ಮೊದಲಿಗಿಂತ ಖಂಡಿತ ವಾಸಿ, ಆದ್ರೆ ಅದನ್ನೇ ನಂಬ್ಕೊಂಡು ಕೂರೋಕಾಗಲ್ಲ. ಮ್ಯಾಗ್ನೆಟಿಕ್ ಸೆಟ್ಟಿಂಗ್‌ಗೆ 20 ಪರ್ಸೆಂಟ್ ಆಚೆ ಈಚೆ ಇರುತ್ತೆ, 2500 ಅಂತ ಇಟ್ರೆ 2000ಕ್ಕೂ ಬೀಳಬಹುದು. ನಿಮ್ಮ 2090 ಆ ಗೆರೆ ಮೇಲೇ ಕೂತಿದೆ. ಮತ್ತೆ ಮೂರೂ ಫೇಸ್ ಸೇರಿ ಶಾರ್ಟ್ ಆದ್ರೆ ಡಿಬಿಯಲ್ಲಿ 4 ಕಿಲೋಆಂಪ್ ದಾಟುತ್ತೆ, ಆಗ ಡಯಲ್ ಎಲ್ಲಿದ್ರೂ ಒಂದೇ.

ಮಹಡಿ ಫೀಡರ್‌ಗೆ (ಮೇನ್ ಪ್ಯಾನೆಲ್‌ನಿಂದ ಮಹಡಿಗೆ ಹೋಗೋ ಲೈನ್) ಕಡಿಮೆ ಖರ್ಚಲ್ಲಿ ಮಾಡೋದಾದ್ರೆ ಸಿ63 ಬದಲು ಡಿ63. ಡಿ ಕರ್ವ್ 10 ರಿಂದ 20 ಪಟ್ಟು, ಅಂದ್ರೆ 630ರ ಕೆಳಗೆ ಮ್ಯಾಗ್ನೆಟಿಕ್ ಆಗಿ ಬೀಳೋ ಹಾಗಿಲ್ಲ. ದೂರದ ಸಾಕೆಟ್‌ಗಳ 585 ಆಂಪ್ ಸಮಸ್ಯೆ ಅಲ್ಲಿಗೆ ಮುಗೀತು. ಕೇಬಲ್ ಕೊನೆಯ ಫಾಲ್ಟ್ 2090, ಡಿ63ರ ಮೇಲಿನ ಮಿತಿ 1260, ಹಾಗಾಗಿ ಕೇಬಲ್‌ನಲ್ಲೇ ಫಾಲ್ಟ್ ಆದ್ರೂ ತಕ್ಷಣ ಬೀಳುತ್ತೆ, ಓವರ್‌ಲೋಡ್ ಭಾಗ ಅದೇ 63. ಆದ್ರೆ ಡಿಬಿ ಹತ್ತಿರದ ಫಾಲ್ಟ್‌ಗೆ ಇದು ಪರಿಹಾರ ಅಲ್ಲ. ಎರಡು ಎಂಸಿಬಿ ಸೀರೀಸ್‌ನಲ್ಲಿ ಇಟ್ರೆ ಹೊಂದಾಣಿಕೆ ಮೇಲಿನದರ ಮ್ಯಾಗ್ನೆಟಿಕ್ ಮಟ್ಟದ ಆಸುಪಾಸಿಗೇ ಮುಗಿದುಹೋಗುತ್ತೆ, ಅದಕ್ಕೇ ಇದನ್ನ ಪಾರ್ಶಿಯಲ್ ಸೆಲೆಕ್ಟಿವಿಟಿ, ಅರ್ಧಂಬರ್ಧ ಹೊಂದಾಣಿಕೆ ಅನ್ನೋದು.

ಪೂರ್ತಿ ಬೇಕಂದ್ರೆ ಮೇಲಿನದಕ್ಕೆ "ಸ್ವಲ್ಪ ಕಾಯಿ" ಅಂತ ಹೇಳೋ ಸೌಲಭ್ಯ ಇರಬೇಕು. 100 ಆಂಪ್ ಫ್ರೇಮ್ (ಬ್ರೇಕರ್‌ನ ಸೈಜು) ಎಂಸಿಸಿಬಿ, ಎಲೆಕ್ಟ್ರಾನಿಕ್ ಟ್ರಿಪ್ ಯೂನಿಟ್ ಇರೋದು. ಲಾಂಗ್ ಟೈಮ್ (ಓವರ್‌ಲೋಡ್ ಭಾಗ) 63 ಆಂಪ್‌ಗೆ, ಶಾರ್ಟ್ ಟೈಮ್ (ಶಾರ್ಟ್‌ಗೆ ಕಾದು ಬೀಳೋ ಭಾಗ) 6 ಪಟ್ಟು ಅಂದ್ರೆ 380 ಹತ್ತಿರ, ಡಿಲೇ 0.1 ಸೆಕೆಂಡ್. ಸಿ16 ಶಾರ್ಟ್‌ಗೆ 10 ಮಿಲಿಸೆಕೆಂಡ್ ಒಳಗೆ ಕೆಲಸ ಮುಗಿಸುತ್ತೆ, ಮೇಲಿನದು 100 ಮಿಲಿಸೆಕೆಂಡ್ ಕಾದು ನೋಡುತ್ತೆ, ಕರೆಂಟ್ ನಿಂತುಹೋಯ್ತಾ, ಸುಮ್ಮನಾಗುತ್ತೆ. ಸಿ16 ಫೇಲ್ ಆಗಿದ್ರೆ ಮಾತ್ರ ಬೀಳುತ್ತೆ. ಡಿಲೇ ಇರೋದ್ರಿಂದ ಪಿಕಪ್ಪನ್ನ (ಎಷ್ಟು ಆಂಪ್‌ಗೆ ಎಚ್ಚರಾಗಬೇಕು ಅನ್ನೋ ಸೆಟ್ಟಿಂಗ್) ಇಷ್ಟು ಕೆಳಗೆ ಇಟ್ಕೋಬಹುದು, ಎತ್ತರಕ್ಕೆ ಏರಿಸೋ ಅಗತ್ಯವೇ ಇಲ್ಲ, ಇದನ್ನ ಗಮನಿಸಿ, ತುಂಬಾ ಜನ ಡಿಲೇನೂ ಹಾಕಿ ಪಿಕಪ್ಪೂ ಮೇಲಕ್ಕೆ ತಳ್ಳಿಬಿಡ್ತಾರೆ.

---

ಕೇಬಲ್ ಜಾಯಿಂಟ್:

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ, ಒಂದು ಅಪಾಯದ ವಿಷಯ ಯಾರೂ ಹೇಳಿಲ್ಲ ಅದಕ್ಕೆ. ಮೇನ್ ಪ್ಯಾನೆಲ್‌ನಲ್ಲಿ 14.4 ಕಿಲೋಆಂಪ್ ಬರುತ್ತೆ ಅಂದ್ರಲ್ಲ, ಅಲ್ಲಿ ಕೂತಿರೋ ಆ ಸಿ63 ಎಂಸಿಬಿಗಳ ಬ್ರೇಕಿಂಗ್ ಕೆಪಾಸಿಟಿ (ಒಡೆಯದೆ ಕತ್ತರಿಸಬಲ್ಲ ಗರಿಷ್ಠ ಕರೆಂಟ್) ಎಷ್ಟು? ಮುಂದೆ ಚೌಕಟ್ಟಿನೊಳಗೆ 6000 ಅಥವಾ 10000 ಅಂತ ಪ್ರಿಂಟ್ ಇರುತ್ತೆ ನೋಡಿ. ಎರಡರಲ್ಲಿ ಯಾವುದಾದ್ರೂ 14.4ಕ್ಕಿಂತ ಕಡಿಮೆ. ಕೇಬಲ್ ಶುರುವಿನಲ್ಲೇ, ಅಂದ್ರೆ ಎಂಸಿಬಿ ಟರ್ಮಿನಲ್‌ನಿಂದ ಒಂದು ಮೀಟರ್ ಒಳಗೆ ಫಾಲ್ಟ್ ಆಯ್ತು ಅಂದ್ರೆ ಅದು ಒಡೆದು ಹೋಗುತ್ತೆ, ಪ್ಯಾನೆಲ್ ಒಳಗೆ ಆರ್ಕ್ ಎದ್ದು ಎದುರಿಗೆ ಯಾರು ನಿಂತಿರ್ತಾರೋ ಅವರ ಗತಿ ಹೇಳೋಕಾಗಲ್ಲ.

ಮೇಲಿನ 250 ಎಂಸಿಸಿಬಿ ಸಹಾಯಕ್ಕೆ ಬರುತ್ತೆ ಅನ್ನೋದು ಒಂದೇ ಒಂದು ಷರತ್ತಿನ ಮೇಲೆ, ಆ ಎರಡು ಮಾಡೆಲ್‌ನ ಜೋಡಿಯನ್ನ ತಯಾರಕರು ಟೆಸ್ಟ್ ಮಾಡಿ ಬ್ಯಾಕಪ್ ಟೇಬಲ್‌ನಲ್ಲಿ ಕೊಟ್ಟಿರಬೇಕು. ಇದಕ್ಕೆ ಕ್ಯಾಸ್ಕೇಡಿಂಗ್ ಅಂತಾರೆ. ಆದ್ರೆ ಕ್ಯಾಸ್ಕೇಡಿಂಗ್‌ನಲ್ಲಿ ಮೇಲಿನದೂ ತೆರೆದುಕೊಂಡು ಕರೆಂಟನ್ನ ಮಿತಿಗೊಳಿಸೋದ್ರಿಂದಲೇ ಕೆಳಗಿನದು ಬದುಕೋದು, ಅಂದ್ರೆ ದೊಡ್ಡ ಫಾಲ್ಟ್‌ಗೆ ಮೇನ್ ಬೀಳಬಹುದು ಅಂತ ಒಪ್ಕೊಂಡ ಹಾಗೆ. ನಿಮಗೆ ಬೇಕಾಗಿರೋದು ಅದರ ಉಲ್ಟಾ. ಹಾಗಾಗಿ ಮೇಷ್ಟ್ರು ಹೇಳಿದ 100 ಫ್ರೇಮ್ ಎಂಸಿಸಿಬಿ 25 ಕಿಲೋಆಂಪ್‌ದು ಹಾಕೋದೇ ಸರಿ. ಡಿ63 ಹಾಕಿದ್ರೂ ಈ ಕೆಪಾಸಿಟಿ ಸಮಸ್ಯೆ ಹಾಗೇ ಉಳಿಯುತ್ತೆ.

ಡಿಲೇ ಬಗ್ಗೆ ಒಂದು ಎಚ್ಚರಿಕೆ. 0.1 ಸೆಕೆಂಡ್ ಕಾಯಿ ಅಂತ ಹೇಳೋ ಮುಂಚೆ ಕೇಬಲ್ ಅಷ್ಟು ಹೊತ್ತು ತಡೆಯುತ್ತಾ ಅಂತ ನೋಡಬೇಕು. ಪಿವಿಸಿ ಕಾಪರ್‌ಗೆ ಕೆ (ಕೇಬಲ್ ಬಿಸಿ ತಡೆಯೋ ಸ್ಥಿರಾಂಕ) 115, 16 ಸ್ಕ್ವೇರ್‌ಗೆ ಕೆ ವರ್ಗ ಗುಣಿಸು ಎಸ್ (ವೈರ್ ಸೈಜು) ವರ್ಗ ಅಂದ್ರೆ ಸುಮಾರು 33.9 ಲಕ್ಷ ಆಂಪ್ ವರ್ಗ ಸೆಕೆಂಡ್. ಡಿಬಿ ಕಡೆಯ 2350 ಆಂಪ್‌ಗೆ ಕೇಬಲ್ 0.6 ಸೆಕೆಂಡ್ ತಡೆಯುತ್ತೆ, ತೊಂದರೆ ಇಲ್ಲ. ಆದ್ರೆ ಕೇಬಲ್ ಶುರುವಿನಲ್ಲಿ 14.4 ಕಿಲೋಆಂಪ್ ಹರಿದ್ರೆ ತಡೆಯೋದು 16 ಮಿಲಿಸೆಕೆಂಡ್ ಮಾತ್ರ! 0.1 ಸೆಕೆಂಡ್ ಬಿಟ್ರೆ 2 ಕೋಟಿ ದಾಟುತ್ತೆ, ಇನ್ಸುಲೇಷನ್ ಕರಗಿ ಹೋಗುತ್ತೆ. ಅದಕ್ಕೇ ಇನ್‌ಸ್ಟಂಟೇನಿಯಸ್ (ಡಿಲೇ ಇಲ್ಲದೆ ಬೀಳೋ) ಸೆಟ್ಟಿಂಗ್ ಆಫ್ ಮಾಡಬಾರದು. ಅದನ್ನ ಡಿಬಿಯ ಫಾಲ್ಟ್ ಕರೆಂಟ್‌ಗೆ ಹತ್ತಿರ ಇಟ್ಟು, ಅದರ ಮೇಲೆ ಬಂದ್ರೆ ಕಾಯದೆ ಬೀಳು ಅನ್ನಬೇಕು. 100 ಫ್ರೇಮ್‌ನಲ್ಲಿ 1500 ಆಂಪ್ ತನಕ ಮಾತ್ರ ಸಿಗೋ ಮಾಡೆಲ್ ಆದ್ರೆ, 1500ರಿಂದ 2350ರ ಮಧ್ಯದ ಫಾಲ್ಟ್‌ಗೆ ತಯಾರಕರ ಸೆಲೆಕ್ಟಿವಿಟಿ ಟೇಬಲ್ ನೋಡಿ. ಸಿ16 ತಾನು ಕತ್ತರಿಸೋ ಮುಂಚೆ ಬಿಟ್ಟುಕೊಡೋ ಎನರ್ಜಿ ಮೇಲಿನದರ ಲ್ಯಾಚ್ ಬಿಡೋಕೆ ಸಾಕಾಗದಿದ್ರೆ ಮೇಲಿನದು ಬೀಳಲ್ಲ, ಇದನ್ನ ಕರ್ವ್ ಹಾಳೆ ಮೇಲೆ ಗೆರೆ ಎಳೆದು ಕಂಡುಹಿಡಿಯೋಕಾಗಲ್ಲ, ಟೆಸ್ಟ್ ಮಾಡಿದ ಟೇಬಲ್ಲೇ ಬೇಕು. ಅದಕ್ಕೆ ಮೇಲೆ ಕೆಳಗೆ ಎರಡೂ ಒಂದೇ ತಯಾರಕರದು ಆಗಿರೋದು ಒಳ್ಳೇದು, ಬೇರೆ ಬೇರೆ ಆದ್ರೆ ಟೇಬಲ್ ಸಿಗೋದೇ ಇಲ್ಲ.

250ಕ್ಕೂ ಎಲೆಕ್ಟ್ರಾನಿಕ್ ಟ್ರಿಪ್ ಇರೋದು ಹಾಕಿ 0.2 ಸೆಕೆಂಡ್ ಕೊಟ್ರೆ ಸರಪಳಿ ಪೂರ್ತಿ ಆಗುತ್ತೆ. ಫ್ರೇಮ್ ಎರಡೂವರೆ ಪಟ್ಟು ಇರೋ ಜೋಡಿಗಳಲ್ಲಿ ಪೂರ್ತಿ ಸೆಲೆಕ್ಟಿವಿಟಿ ಕೊಡೋವು ಟೇಬಲ್‌ನಲ್ಲಿ ಸಿಗುತ್ತವೆ.

---

ಫ್ಯೂಸ್‌ವಾಲಾ:

ಮಹಡಿ ಫೀಡರ್‌ಗೆ 63 ಆಂಪ್ ಎಚ್‌ಆರ್‌ಸಿ ಫ್ಯೂಸ್ ಕೂಡ ಯೋಚನೆ ಮಾಡಿ. ಬ್ರೇಕಿಂಗ್ ಕೆಪಾಸಿಟಿ ಬಗ್ಗೆ ಚಿಂತೆನೇ ಇರಲ್ಲ, 14 ಏನು 50 ಕಿಲೋಆಂಪ್ ಬಂದ್ರೂ ಕತ್ತರಿಸುತ್ತೆ. ಫ್ಯೂಸ್‌ಗೆ ಫ್ಯೂಸ್ ಕೋಆರ್ಡಿನೇಷನ್ ಅಂತೂ ಬಹಳ ಸುಲಭ, ಜಿಜಿ (ಸಾಮಾನ್ಯ ಬಳಕೆಯ) ಟೈಪ್‌ನಲ್ಲಿ ರೇಟಿಂಗ್ 1.6 ಪಟ್ಟು ಇದ್ರೆ ಸಾಕು, 63ರ ಮೇಲೆ 100 ಇಟ್ರೆ ಆಯ್ತು. ಒಂದೇ ತೊಂದರೆ, ಒಂದು ಫೇಸ್ ಫ್ಯೂಸ್ ಹೋದ್ರೆ ಉಳಿದೆರಡು ನಿಂತಿರುತ್ತೆ, ಮೂರು ಫೇಸ್ ಮೋಟರ್ ಇದ್ರೆ ಸಿಂಗಲ್ ಫೇಸಿಂಗ್ ರಕ್ಷಣೆ ಬೇಕೇ ಬೇಕು.

---

ಸ್ಟ್ಯಾಂಡ್‌ಬೈ:

ಜನರೇಟರ್ ಇದೆಯಾ ಅಲ್ಲಿ? ಇದ್ರೆ ಮೇಲಿನ ಲೆಕ್ಕ ಎಲ್ಲಾ ಅದರ ಮೇಲೆ ಓಡುವಾಗ ತಲೆಕೆಳಗು. ಉದಾಹರಣೆಗೆ 125 ಕೆವಿಎ ಆಲ್ಟರ್ನೇಟರ್ ಅಂದ್ರೆ ರೇಟೆಡ್ ಕರೆಂಟ್ 180 ಆಂಪ್, ಶಾರ್ಟ್ ಆದ್ರೆ ಮೊದಲ ಕ್ಷಣ ಬಿಟ್ಟು ಆಮೇಲೆ ಅದು ಹಿಡಿದು ನಿಲ್ಲಿಸೋದು ಸುಮಾರು 3 ಪಟ್ಟು, 540 ಆಂಪ್, ಅದೂ ಎಕ್ಸೈಟೇಷನ್‌ಗೆ (ಆಲ್ಟರ್ನೇಟರ್‌ನ ಮ್ಯಾಗ್ನೆಟ್‌ಗೆ ಕೊಡೋ ಕರೆಂಟ್) ಬೇರೆ ಸಪ್ಲೈ ವ್ಯವಸ್ಥೆ ಇದ್ರೆ, ಇಲ್ಲಾಂದ್ರೆ ವೋಲ್ಟೇಜ್ ಜೊತೆ ಕರೆಂಟೂ ಬಿದ್ದು ಹೋಗುತ್ತೆ. ಡಯಲ್ 10ರಲ್ಲಿ ಇಟ್ಟ 250ಕ್ಕೆ 540 ಅಂದ್ರೆ ಶಾರ್ಟೇ ಅಲ್ಲ. ಡಿ63ಕ್ಕೂ ಅಲ್ಲ, ಅದರ ಮ್ಯಾಗ್ನೆಟಿಕ್ ಶುರುವಾಗೋದೇ 630ಕ್ಕೆ, ಥರ್ಮಲ್ ಬಿಸಿಯಾಗಿ ಬೀಳೋ ತನಕ ಫಾಲ್ಟ್ ಉರೀತಾ ಇರುತ್ತೆ. ಮೇಷ್ಟ್ರು ಹೇಳಿದ 380 ಆಂಪ್ 0.1 ಸೆಕೆಂಡ್ ಸೆಟ್ಟಿಂಗ್ ಮಾತ್ರ ಎರಡೂ ಕಡೆ ಕೆಲಸ ಮಾಡುತ್ತೆ, ಟ್ರಾನ್ಸ್‌ಫಾರ್ಮರ್ ಮೇಲೂ ಜನರೇಟರ್ ಮೇಲೂ. ಜನರೇಟರ್‌ನ ಸ್ವಂತ ಬ್ರೇಕರ್‌ಗೆ ಶಾರ್ಟ್ ಟೈಮ್ 2 ಪಟ್ಟಿನ ಹತ್ತಿರ, 0.3 ಸೆಕೆಂಡ್ ಇಡಿ. ಕೋಆರ್ಡಿನೇಷನ್ ಅಂದ ತಕ್ಷಣ ಅತಿ ಹೆಚ್ಚು ಫಾಲ್ಟ್ ಕರೆಂಟ್ ಒಂದನ್ನೇ ಲೆಕ್ಕ ಹಾಕಿ ಬಿಟ್ಟುಬಿಡ್ತಾರೆ, ಅತಿ ಕಡಿಮೆ ಎಷ್ಟು ಅಂತಾನೂ ನೋಡಬೇಕು.

ಇಎಲ್‌ಸಿಬಿ, ಆರ್‌ಸಿಸಿಬಿ (ಕರೆಂಟ್ ಸೋರಿಕೆಗೆ ಬೀಳೋ ಬ್ರೇಕರ್) ಇದ್ರೆ ಅದಕ್ಕೂ ಬೇರೆ ಕೋಆರ್ಡಿನೇಷನ್ ಇದೆ. ಕೆಳಗೆ 30 ಮಿಲಿಆಂಪ್, ಮೇಲೆ 100 ಮಿಲಿಆಂಪ್, ಎರಡೂ ಡಿಲೇ ಇಲ್ಲದ್ದು ಆದ್ರೆ ಎರಡೂ ಒಟ್ಟಿಗೆ ಬೀಳುತ್ತವೆ. ಫೇಸ್ ವೈರ್ ಯಂತ್ರದ ಲೋಹದ ಮೈಗೆ ತಾಗಿದಾಗ ಹರಿಯೋದು ಹತ್ತಾರು ನೂರಾರು ಆಂಪ್, ಅದರ ಮುಂದೆ 30ಕ್ಕೂ 100ಕ್ಕೂ ಏನು ವ್ಯತ್ಯಾಸ. ಮೇಲಿನದು ಎಸ್ ಟೈಪ್ (ಡಿಲೇ ಇರೋದು) ಇರಬೇಕು, ಕೆಳಗಿನದಕ್ಕಿಂತ ಕನಿಷ್ಠ 3 ಪಟ್ಟು ರೇಟಿಂಗ್, ಸಾಮಾನ್ಯವಾಗಿ 300 ಮಿಲಿಆಂಪ್ ಹಾಕ್ತಾರೆ.

---

ರಿಲೇ ಟೆಸ್ಟಿಂಗ್:

ಒಳ್ಳೆ ಚರ್ಚೆ. ನಾನು ಹೈ ಟೆನ್ಷನ್ ಕಡೆಯವನು, ಅಲ್ಲೂ ಇದೇ ತತ್ವ, ಬರೀ ಎಂಸಿಬಿ ಬದಲು ರಿಲೇ (ಕರೆಂಟ್ ನೋಡಿ ಬ್ರೇಕರ್‌ಗೆ ಬೀಳು ಅನ್ನೋ ಸಾಧನ). ಐಡಿಎಂಟಿ (ಕರೆಂಟ್ ಜಾಸ್ತಿ ಆದಷ್ಟೂ ಬೇಗ ಬೀಳೋ) ಸ್ಟ್ಯಾಂಡರ್ಡ್ ಇನ್ವರ್ಸ್ ಕರ್ವ್‌ನಲ್ಲಿ ಕರೆಂಟ್ ಸೆಟ್ಟಿಂಗ್‌ನ 10 ಪಟ್ಟು ಬಂದಾಗ ಟಿಎಂಎಸ್ (ಸಮಯವನ್ನ ಗುಣಿಸೋ ಸೆಟ್ಟಿಂಗ್) 1 ಇದ್ರೆ 2.97 ಸೆಕೆಂಡ್, ಟಿಎಂಎಸ್ 0.1 ಇಟ್ರೆ 0.3 ಸೆಕೆಂಡ್. ಅದರ ಮೇಲಿನ ರಿಲೇ ಅದೇ ಫಾಲ್ಟ್‌ಗೆ 0.6ಕ್ಕೆ ಬೀಳಬೇಕು, ಮಧ್ಯೆ 0.3 ಬಿಡ್ತೀವಿ. ಅದೇ ಕರೆಂಟ್ ಮೇಲಿನ ರಿಲೇಗೆ 5 ಪಟ್ಟು ಮಾತ್ರ ಆಗಿದ್ರೆ ಟಿಎಂಎಸ್ 0.14 ಬರುತ್ತೆ. ಆ 0.3 ಸುಮ್ನೆ ಬಂದಿದ್ದಲ್ಲ, ಕೆಳಗಿನ ಬ್ರೇಕರ್ ತೆರೆದು ಆರ್ಕ್ ಆರೋ ಸಮಯ, ಎರಡು ರಿಲೇಗಳ ಟೈಮಿಂಗ್ ಎರರ್, ಸಿಟಿ (ಕರೆಂಟ್ ಅಳೆಯೋ ಟ್ರಾನ್ಸ್‌ಫಾರ್ಮರ್) ಎರರ್, ಮೇಲೆ ಒಂದಿಷ್ಟು ಸುರಕ್ಷತೆಗೆ. ಹಳೇ ಡಿಸ್ಕ್ ರಿಲೇಗೆ 0.4 ಬೇಕು, ಯಾಕಂದ್ರೆ ಕರೆಂಟ್ ನಿಂತ ಮೇಲೂ ಡಿಸ್ಕ್ ಸ್ವಲ್ಪ ಮುಂದೆ ತಿರುಗುತ್ತೆ.

ಟೈಮ್ ಕೋಆರ್ಡಿನೇಷನ್‌ನಲ್ಲಿ ನನಗೆ ಯಾವಾಗಲೂ ಬೇಜಾರಾಗೋ ಸಂಗತಿ ಒಂದಿದೆ. ಸೋರ್ಸ್‌ಗೆ ಹತ್ತಿರ ಹೋದಷ್ಟೂ ಫಾಲ್ಟ್ ಕರೆಂಟ್ ಜಾಸ್ತಿ, ಆದ್ರೆ ಅಲ್ಲಿನ ಬ್ರೇಕರೇ ಎಲ್ಲರಿಗಿಂತ ಹೆಚ್ಚು ಹೊತ್ತು ಕಾಯೋದು. ಬಸ್‌ಬಾರ್ (ಪ್ಯಾನೆಲ್ ಒಳಗಿನ ದಪ್ಪ ಲೋಹದ ಪಟ್ಟಿ) ಮೇಲೆ ಫಾಲ್ಟ್ ಆದ್ರೆ ಆ 0.2, 0.3 ಸೆಕೆಂಡ್ ಪೂರ್ತಿ ಆರ್ಕ್ ಉರಿಯುತ್ತೆ. ಆರ್ಕ್ ಎನರ್ಜಿ ಸಮಯಕ್ಕೆ ತಕ್ಕ ಹಾಗೆ ಏರೋದ್ರಿಂದ ಪ್ಯಾನೆಲ್ ಮುಂದೆ ಕೆಲಸ ಮಾಡೋರಿಗೆ ಇದು ಜೀವದ ಪ್ರಶ್ನೆ. ಇದಕ್ಕೆ ಝೋನ್ ಸೆಲೆಕ್ಟಿವ್ ಇಂಟರ್‌ಲಾಕಿಂಗ್ ಅಂತ ಇದೆ, ಕೆಳಗಿನ ಬ್ರೇಕರ್ ಫಾಲ್ಟ್ ಕಂಡ ತಕ್ಷಣ ಒಂದು ಜೊತೆ ವೈರ್‌ನಲ್ಲಿ ಮೇಲಿನದಕ್ಕೆ "ನಾನು ನೋಡ್ಕೋತೀನಿ, ನೀನು ಕಾಯಿ" ಅಂತ ಸಿಗ್ನಲ್ ಕಳಿಸುತ್ತೆ. ಸಿಗ್ನಲ್ ಬರಲಿಲ್ಲ ಅಂದ್ರೆ ಫಾಲ್ಟ್ ಬಸ್‌ಬಾರ್ ಮೇಲೇ ಇದೆ ಅಂತ ಅರ್ಥ, ಮೇಲಿನದು ಡಿಲೇ ಬಿಟ್ಟು ತಕ್ಷಣ ಬೀಳುತ್ತೆ. ಹೊಸ ಮೇನ್ ತಗೊಳ್ಳೋವಾಗ ಈ ಸೌಲಭ್ಯ ಇರೋದನ್ನ ಕೇಳಿ. ಇಲ್ಲಾಂದ್ರೆ ಪ್ಯಾನೆಲ್‌ನಲ್ಲಿ ಕೆಲಸ ಇರೋ ದಿನ ಡಿಲೇ ಕಡಿಮೆ ಮಾಡಿಟ್ಟು, ಮುಗಿದ ಮೇಲೆ ವಾಪಸ್ ಇಡಿ, ಆ ಹೊತ್ತಿನಲ್ಲಿ ಒಂದು ಮಹಡಿ ಫಾಲ್ಟ್‌ಗೆ ಕಟ್ಟಡ ಪೂರ್ತಿ ಹೋದ್ರೂ ಪರವಾಗಿಲ್ಲ.

---

ಆರ್‌ವೈಬಿ:

ಎಲ್ಲರಿಗೂ ಮನಸ್ಪೂರ್ವಕ ಧನ್ಯವಾದ. ಎಂಸಿಬಿ ಮೇಲೆ ನೋಡಿದೆ, 10000 ಅಂತಾನೇ ಇದೆ, ಬ್ಯಾಕಪ್ ಟೇಬಲ್‌ನಲ್ಲಿ ನಮ್ಮ 250ರ ಜೋಡಿ ಇಲ್ಲ, ಬೇರೆ ಕಂಪನಿದು. ಜನರೇಟರ್ ಇದೆ, ಅದೂ 125 ಕೆವಿಎ. ಆದ್ದರಿಂದ ಮೊದಲು ನಾಲ್ಕು ಮಹಡಿ ಫೀಡರ್‌ಗೂ 100 ಫ್ರೇಮ್ 25 ಕಿಲೋಆಂಪ್ ಎಲೆಕ್ಟ್ರಾನಿಕ್ ಎಂಸಿಸಿಬಿ, ಆಮೇಲೆ ಅದೇ ತಯಾರಕರ 250 ಇನ್‌ಕಮರ್ ಅಂತ ಪ್ರಸ್ತಾವ ಬರೀತಾ ಇದೀನಿ. ಬದಲಾಯಿಸೋ ತನಕ 250ರ ಡಯಲ್ 10ಕ್ಕೆ ಇಡ್ಲಾ, 5ರಲ್ಲೇ ಬಿಡ್ಲಾ?

---

ಪ್ಯಾನೆಲ್ ಮೇಷ್ಟ್ರು:

8ಕ್ಕೆ ಇಡಿ, 2000. ಡಿಬಿಯಿಂದ ಹತ್ತು ಮೀಟರ್ ಆಚೆ ಇರೋ ಸಾಕೆಟ್‌ಗಳಲ್ಲಿ ಫಾಲ್ಟ್ ಸಾವಿರ ಆಂಪ್ ಆಸುಪಾಸಿಗೆ ಇಳಿದಿರುತ್ತೆ, ಅಲ್ಲಿಗೆಲ್ಲಾ ಮೇನ್ ಬೀಳೋದು ನಿಲ್ಲುತ್ತೆ, ಪ್ಯಾನೆಲ್ ಒಳಗೆ 14 ಕಿಲೋಆಂಪ್ ಬಂದ್ರೆ ತಕ್ಷಣ ಬೀಳುತ್ತೆ. ಆದ್ರೆ ತಿರುಗಿಸೋ ಮುಂಚೆ ಜನರೇಟರ್ ಬ್ರೇಕರ್‌ನ ಟ್ರಿಪ್ ಯೂನಿಟ್ ಯಾವುದು, ಸೆಟ್ಟಿಂಗ್ ಏನಿದೆ ಅಂತ ಓದಿ ಇಲ್ಲಿ ಹಾಕಿ, ಜನರೇಟರ್ ಮೇಲೆ ಓಡುವಾಗ ಆ 250 ಹೇಗೂ ಸಹಾಯಕ್ಕೆ ಬರಲ್ಲ, ಜನರೇಟರ್ ಬ್ರೇಕರ್ ಒಂದೇ ಕಾಪಾಡೋದು. ಸೆಟ್ಟಿಂಗ್ ಬದಲಾಯಿಸಿದ ಮೇಲೆ ಹಳೇದು, ಹೊಸದು, ತಾರೀಖು ಬರೆದು ಪ್ಯಾನೆಲ್ ಬಾಗಿಲ ಒಳಗೆ ಅಂಟಿಸಿ.